ಎರಡು ಸಲ ಸರಿದ ಅಂತರಪಟ

ನಾಲ್ಕನೆಯ ರೊಟ್ಟಿ ಬಡಿಯುತ್ತಿದ್ದಾಗ ಫೋನು ಬಂತು. ತುಳಸಿ ಲಗ್ನದ ಮರುದಿನ ಬೆಳಿಗ್ಗೆ. ನಮ್ಮ ಮನೆಯವರು ಸ್ನಾನಕ್ಕೆ ಹೋಗಿದ್ದರು, ಅವರ ಫೋನು ಫ್ರಿಜ್ಜಿನ ಮೇಲೆ ಚಾರ್ಜಿಗಿತ್ತು. ಬೇರೆ ದಿನವಾದರೆ ರಿಂಗಾಗಿ ತಾನೇ ಸುಮ್ಮನಾಗಲಿ ಎಂದು ಬಿಡುತ್ತಿದ್ದೆ. ಆ ದಿನ ಹಿಟ್ಟಿನ ಕೈಯನ್ನು ಸೆರಗಿಗೇ ಒರೆಸಿಕೊಂಡು ಓಡಿದೆ. ಹಂಚಿನ ಮೇಲಿನ ರೊಟ್ಟಿಯನ್ನು ಮರೆತೇ ಬಿಟ್ಟೆ.

ಆ ಒಂದು ಕರೆಗಾಗಿ ದಸರೆಯಿಂದ ಕಾದಿದ್ದೆವು.

ಇವರು ಲಗ್ನದ ಫೋಟೋ ತೆಗೆಯುವವರು. ಧಾರವಾಡ ಬಿಟ್ಟು ಘಾಟ್ಕೋಪರಿನಲ್ಲಿ ಸಂಸಾರ ಹೂಡಿ ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ನಮ್ಮ ಒಲೆ ಹೊತ್ತಿದ್ದು ಬೇರೆಯವರ ಮನೆಯ ಲಗ್ನಗಳಿಂದ. ಚಾತುರ್ಮಾಸ ಬಂತೆಂದರೆ ಉಳಿದ ಹೆಂಗಸರು ವ್ರತ ಹಿಡಿಯುತ್ತಾರೆ. ನಮ್ಮ ಮನೆಯನ್ನು ವ್ರತವೇ ಬಂದು ಹಿಡಿಯುತ್ತದೆ. ಮುಹೂರ್ತವಿಲ್ಲ, ಹಾಗಾಗಿ ಕೆಲಸವಿಲ್ಲ. ತುಳಸಿಗೂ ಕೃಷ್ಣನಿಗೂ ಲಗ್ನ ಮಾಡಿಸಿದ ಮೇಲೆಯೇ ನಮಗೆ ಬಾಗಿಲು ತೆರೆಯುವುದು. ಮೊದಲೆಲ್ಲ ತುಳಸಿ ಲಗ್ನಕ್ಕೆ ಮುಂಚೆಯೇ ಇವರ ಡೈರಿಯಲ್ಲಿ ಒಳ್ಳೆಯ ಮುಹೂರ್ತಗಳೆಲ್ಲ ತುಂಬಿರುತ್ತಿದ್ದವು. ಒಂದೇ ದಿನಕ್ಕೆ ಇಬ್ಬರು ಕೇಳಿ, ಒಬ್ಬರಿಗೆ ಕೈಮುಗಿದು ಇಲ್ಲವೆನ್ನಬೇಕಾಗುತ್ತಿತ್ತು. ಈಚೆಗೆ ಡೈರಿ ಕೊಳ್ಳುವುದನ್ನೇ ಬಿಟ್ಟಿದ್ದಾರೆ.

ಈ ಸಲ ಖಂಡೇನವಮಿಯ ದಿನ ಕ್ಯಾಮೆರಾಗಳಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಚಾಪೆಯ ಮೇಲೆ ಕೂತವರೇ ಹೇಳಿದರು:

"ಇಲ್ನೋಡು. ಮಲಾಡಿನ ಸಾಹುಕಾರರ ಮನಿ ಮೂರನೇ ಹುಡುಗಿ ಲಗ್ನ ಬಂದದ. ಅದು ನನ್ನ ಕೈಗೆ ಬಂದ್ರ ಈ ವರ್ಷ ಹ್ಯಾಂಗರ ದೂಡ್ತೀನಿ. ಬರಲಿಲ್ಲಂದ್ರ ನಿಮ್ಮಣ್ಣ ಹೇಳಿದ್ದ ಫೋರ್ಟಿನ ಕೆಲಸಕ್ಕ ಹೂಂ ಅಂದುಬಿಡ್ತೀನಿ."

ಫೋರ್ಟ್ ಪೇಟೆಯಲ್ಲಿ ನನ್ನ ಅಣ್ಣ ದುಡಿಯುವ ಕಚೇರಿಯಿದೆ, ಅಲ್ಲಿ ಹಳೆಯ ಕಡತಗಳನ್ನು ಮಶೀನಿಗೆ ಹಚ್ಚಿ ಸ್ಕ್ಯಾನ್ ಮಾಡುವ ಕೆಲಸ ಅದು. "ಅದೂ ಒಂದು ನಮೂನಿ ಫೋಟೋನೇ ಅಲ್ಲೇನು" ಎಂದು ಅಣ್ಣ ಚೇಷ್ಟೆ ಮಾಡಿದ್ದ. ಇವರು ನಕ್ಕಿರಲಿಲ್ಲ.

ಮಲಾಡಿನವರು ವಿಜಾಪುರದ ಕಡೆಯವರು, ಅರಿವೆ ವ್ಯಾಪಾರ. ಅವರ ಮೊದಲಿನ ಇಬ್ಬರು ಹೆಣ್ಣುಮಕ್ಕಳ ಲಗ್ನವನ್ನು ಇವರೇ ತೆಗೆದದ್ದು. ಆ ಮನೆಯ ಕೆಲಸ ಸಿಕ್ಕರೆ ಅವರ ಬಳಗದ್ದೂ ಬರುತ್ತದೆ. ಯಜಮಾನತಿಯ ನಾದಿನಿಯ ಇಬ್ಬರು ಗಂಡುಮಕ್ಕಳ ಲಗ್ನ ಮಾಘದಲ್ಲಿದೆ ಎಂಬ ಸುದ್ದಿಯೂ ಇತ್ತು. ಒಂದು ಎಳೆ ಹಿಡಿದರೆ ಮೂರು ಲಗ್ನ.

ಫೋನಿನಲ್ಲಿ ಆ ಮನೆಯ ಯಜಮಾನತಿಯೇ ಇದ್ದರು.

"ಏನ್ರೀ ವೈನಿ, ಆರಾಮ? ನೀವs ತೊಗೊಂಡದ್ದು ಛಲೋ ಆತು, ಅವರಿಗೆ ಹೇಳಲಿಕ್ಕೆ ನನಗ ಸಂಕೋಚ ಆಗ್ತಿತ್ತು. ನಮ್ಮ ಹುಡುಗಿ ಮಾತs ಕೇಳವಲ್ಲಳ್ರೀ. ಇಲ್ಲೇ ಮಲಾಡಿನ ಯಾವುದೋ ಕಂಪನಿ ಹಿಡದಾಳ. ಕ್ಯಾಂಡಿಡ್ ಅಂತ, ಸಿನೆಮ್ಯಾಟಿಕ್ ಅಂತ, ನನಗೇನ್ ತಿಳೀತದ? ಆದ್ರ ನಾ ಬಿಡಲಿಲ್ಲ. ನಮ್ಮನಿ ಲಗ್ನದಾಗ ಅವರು ಇರಲಿಕ್ಕೇ ಬೇಕು ಅಂದೆ. ಕಂಪನಿಯವರೂ ಒಪ್ಯಾರ. ಟ್ರೆಡಿಷನಲ್‌ಗೆ ಅವರನ್ನ ಹಾಕ್ಕೋತಾರಂತ."

ಟ್ರೆಡಿಷನಲ್. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಆ ಶಬ್ದ ಗೊತ್ತಿತ್ತು. ಸಂಪ್ರದಾಯ. ಹುಡುಗಾಟದ ಫೋಟೋಗಳಿಗೆ ಆ ಕಂಪನಿ. ದೇವರು, ಶಾಸ್ತ್ರ, ಧಾರೆ, ಇವಕ್ಕೆಲ್ಲ ನಮ್ಮವರು. ಹಾಗೆಂದು ತಿಳಿದು ಕಣ್ಣಲ್ಲಿ ನೀರೇ ಬಂತು. ವಿಠ್ಠಲನ ಪಟಕ್ಕೆ ನಿಂತಲ್ಲಿಂದಲೇ ಕೈಮುಗಿದೆ.

ಇವರು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಹೇಳಿದೆ. ಟವೆಲ್ಲು ತಲೆಯ ಮೇಲೆಯೇ ನಿಂತಿತು.

"ಟ್ರೆಡಿಷನಲ್ ಅಂತ ಹೇಳಿದ್ರೇನು?"

"ಹೌದ್ರೀ. ಅದನ್ನ ನೀವs ಮಾಡಬೇಕಂತ."

"ಛಲೋ ಆತು" ಎಂದರು. ತಾಟಿಗೆ ಕೂತು ಹೊತ್ತಿದ ರೊಟ್ಟಿಯನ್ನೇ ಮುರಿದುಕೊಂಡು ತಿಂದರು. ಬೇರೆಯದು ಹಾಕುತ್ತೇನೆಂದರೂ ಕೇಳಲಿಲ್ಲ.

ನಾನು ಭಜನಾ ಮಂಡಳಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡೆ. ಮುಚ್ಚಿಡುವುದೇಕೆ, ಹೆಮ್ಮೆಯಿಂದಲೇ ಹೇಳಿದೆ. "ಈಗಿನ ಕಾಲದಾಗ ಸಂಪ್ರದಾಯ ತಿಳದವರು ಬೇಕಲ್ರೀ, ಅದಕ್ಕs ನಮ್ಮವರನ್ನ ಕರದಾರ." ತಾಳ ಬಾರಿಸುವ ಅಜ್ಜಿ "ನಿಮ್ಮ ಯಜಮಾನರದು ಪುಣ್ಯದ ಕೈ ನೋಡವಾ" ಎಂದರು. ಅದನ್ನೇ ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಕಾಲೇಜಿನ ಎರಡನೇ ವರ್ಷ. ಕನ್ನಡ ತಿಳಿಯುತ್ತದೆ, ನಾಲಿಗೆ ಮಾತ್ರ ಅರ್ಧ ದಾರಿಗೆ ಹಿಂದಿಗೆ ಹೊರಳುತ್ತದೆ.

"ಮಮ್ಮಿ, ತೂ ಭೀ ನಾ! ಟ್ರೆಡಿಷನಲ್ ಅಂದ್ರೆ ಪೂಜಾವಾಲಾ ಅಲ್ಲ. ಸ್ಟೇಜ್ ಮೇಲೆ ಎಲ್ಲಾರೂ ಲೈನ್‌ನಾಗೆ ನಿಂತು ಸ್ಮೈಲ್ ಮಾಡ್ತಾರಲ್ಲ, ಅದು. ಅಸಲೀ ಕೆಲಸ ಕ್ಯಾಂಡಿಡ್‌ವಾಲೇದು, ಪೈಸಾ ಭೀ ಅವರಿಗೇ. ಪಪ್ಪಾಗೆ ದಿನದ್ದು ಕೂಲಿ ಕೊಡ್ತಾರೆ, ಬಸ್. ಯಾರಿಗೂ ಹೇಳ್ಬೇಡ, ಹ್ಞಾಂ?"

ಹೇಳಿಯಾಗಿತ್ತು.

ಆ ಸಂಜೆ ಇವರನ್ನು ಕೇಳಿದೆ, ಮೊದಲೇ ಯಾಕೆ ಬಿಡಿಸಿ ಹೇಳಲಿಲ್ಲವೆಂದು. "ನಿನ್ನ ಮಾರಿ ಅಷ್ಟು ಛಲೋ ಕಾಣಲಿಕ್ಕತ್ತಿತ್ತು" ಎಂದರು. ಆಮೇಲೆ, ಎಂದೂ ಹೇಳದವರು, ತಮ್ಮ ಧಂಧೆಯ ಸ್ಥಿತಿ ಹೇಳಿದರು. ಮೊದಲು ಗಳಿಕೆ ಇದ್ದದ್ದು ಅಲ್ಬಮ್ಮಿನಲ್ಲಿ. ಹುಡುಗಿಯ ಮನೆಗೊಂದು, ಹುಡುಗನ ಮನೆಗೊಂದು, ಅಜ್ಜ ಅಜ್ಜಿಗೊಂದು ಸಣ್ಣದು. ಈಗ ಅಲ್ಬಮ್ ಇಡಲು ಯಾರ ಫ್ಲ್ಯಾಟಿನಲ್ಲೂ ಜಾಗವಿಲ್ಲ. ಫೋನಿಗೆ ಲಿಂಕ್ ಕಳಿಸಿದರೆ ಸಾಕು. ದೊಡ್ಡ ಹಾಲ್‌ಗಳು ತಮ್ಮದೇ ಫೋಟೋದವರನ್ನು ಇಟ್ಟುಕೊಂಡಿವೆ. ಹೊರಗಿನವನು ಒಳಗೆ ಬಂದು ಕ್ಯಾಮೆರಾ ತೆಗೆದರೆ ಹಾಲಿಗೇ ಹಣ ಕಟ್ಟಬೇಕು. ಹೊಸ ಕ್ಯಾಮೆರಾ ಕೊಂಡು ಅದರ ಕಂತು ತೀರುವ ಮೊದಲೇ ಅದು ಹಳೆಯದಾಗುತ್ತದೆ. ಸಣ್ಣ ಲಗ್ನದವರು ತಮ್ಮ ಅಳಿಯನ ಫೋನಿನಲ್ಲೇ ಮುಗಿಸುತ್ತಾರೆ. ದೊಡ್ಡ ಲಗ್ನದವರು ಮೊದಲು ಕೇಳುವುದು, "ನಿಮ್ಮ ಪೇಜ್ ತೋರಿಸಿ." ಇವರಿಗೆ ಪೇಜ್ ಇಲ್ಲ. ಮನೆಯ ಗೋದ್ರೆಜ್ ಕಪಾಟಿನ ಮೇಲೆ ಮಾದರಿ ಅಲ್ಬಮ್ಮುಗಳ ಒಂದು ಟ್ರಂಕಿದೆ.

"ಹಂಗಂದ್ರ ಇದು ನಿಮ್ಮ ಕೈಗೆ ಬಂದದ್ದೋ, ಬರಲಾರದ್ದೋ?" ಎಂದು ಕೇಳಿದೆ.

"ಹೋಗ್ತೀನಿ. ನಾದಿನಿಯವರು ಬರ್ತಾರ. ಕೆಲಸ ನೋಡ್ತಾರಲ್ಲ. ಮಾಘದ ಎರಡು ಲಗ್ನ ಸಿಕ್ಕರ ಸಾಕು."

ಶನಿವಾರದ ಲಗ್ನ. ನನಗೂ ಆಮಂತ್ರಣವಿತ್ತು. ಹಾಲ್‌ನಲ್ಲಿ ಮಲ್ಲಿಗೆಗಿಂತ ಲೈಟಿನ ಸ್ಟ್ಯಾಂಡುಗಳೇ ಹೆಚ್ಚಿದ್ದವು. ಕಂಪನಿಯವರು ಆರು ಮಂದಿ, ಎಲ್ಲರೂ ಕಪ್ಪು ಬಟ್ಟೆ. ಅವರ ಮುಖ್ಯಸ್ಥೆ ಒಬ್ಬ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕೆಟ್ಟವಳಲ್ಲ. ಇವರಿಗೆ ನಮಸ್ತೆ ಮಾಡಿ, ಕುಡಿಯಲು ನೀರು ತರಿಸಿ, ಸ್ಟೇಜಿನ ಎಡಮೂಲೆ ತೋರಿಸಿ, "ಅಂಕಲ್, ಆಪ್ ಬಸ್ ಯಹಾಂ ರಹನಾ" ಎಂದಳು. ಇದೇ ಮನೆಯ ಮೊದಲಿನ ಎರಡು ಲಗ್ನಗಳಲ್ಲಿ ಇವರು ಭಟ್ಟರ ಮಗ್ಗುಲಲ್ಲಿ ಮೊಣಕಾಲೂರಿ ಕೂತದ್ದು ನನಗೆ ನೆನಪಿತ್ತು.

ಇನ್ನು ಅಂತರಪಟದ ಮಾತು. ನಮ್ಮ ಕಡೆ ಹುಡುಗ ಹುಡುಗಿಯ ನಡುವೆ ಸ್ವಸ್ತಿಕ ಬರೆದ ಬಟ್ಟೆಯನ್ನು ಹಿಡಿಯುತ್ತಾರೆ. ಭಟ್ಟರು ಮಂಗಲಾಷ್ಟಕ ಹೇಳುತ್ತಾರೆ. ಒಂದೊಂದು ಶ್ಲೋಕ ಮುಗಿದಾಗಲೂ "ಸಾವಧಾನ" ಎನ್ನುತ್ತಾರೆ, ಜನ ಅಕ್ಷತೆ ಹಾಕುತ್ತಾರೆ. ಕೊನೆಯ ಸಾವಧಾನಕ್ಕೆ ಬಟ್ಟೆ ಸರಿಯುತ್ತದೆ, ಇಬ್ಬರೂ ಮುಖ ನೋಡುತ್ತಾರೆ. ಅದು ಒಂದೇ ಗಳಿಗೆ. ಕೊನೆಯದು ಯಾವುದೆಂದು ಹೊಸಬರಿಗೆ ತಿಳಿಯದು. ಇವರಿಗೆ ಕಿವಿಯಲ್ಲೇ ತಿಳಿಯುತ್ತದೆ. ಆ ಸಲ ಭಟ್ಟರು "ಸಾ" ಎಂಬುದನ್ನು ಎಳೆಯುತ್ತಾರೆ, ವಾಜಂತ್ರಿಯವನು ಉಸಿರು ತೆಗೆದುಕೊಳ್ಳುತ್ತಾನೆ. ಅಷ್ಟು ಸಾಕು, ಇವರ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋಗುತ್ತದೆ.

ಆ ದಿನವೂ ಹೋಯಿತು.

ಭಟ್ಟರು ಎಳೆದರು. ಇವರು ಮೂಲೆ ಬಿಟ್ಟು ಮುಂದೆ ಬಂದರು, ಬಟ್ಟೆ ಸರಿಯಿತು, ಇವರ ಕ್ಯಾಮೆರಾ ಬೆಳಗಿತು, ಅಕ್ಷತೆ ಬಿತ್ತು, ವಾಜಂತ್ರಿ ಎದ್ದಿತು. ಎಲ್ಲ ಸರಿಯಾಗಿತ್ತು, ದೇವರಾಣೆ. ಆದರೆ ಕಂಪನಿಯ ದೊಡ್ಡ ವಿಡಿಯೋ ಇದ್ದದ್ದು ಇವರ ಬೆನ್ನ ಹಿಂದೆ. ಅದರಲ್ಲಿ ಬಿದ್ದದ್ದು ಇವರ ಬೆನ್ನೇ.

ಕಂಪನಿಯ ಆ ಹುಡುಗಿ ಸ್ಟೇಜಿಗೆ ಓಡಿ ಬಂದಳು. "ಗುರೂಜೀ, ಏಕ್ ಬಾರ್ ಔರ್, ಪ್ಲೀಸ್? ಅಂಕಲ್ ಬೀಚ್ ಮೇ ಆ ಗಯೇ."

ಮಾಲೆ ಎತ್ತಿ ನಿಂತಿದ್ದ ಹುಡುಗ ಕೈ ಇಳಿಸಿದ. ಭಟ್ಟರು ಗಡಿಯಾರ ನೋಡಿದರು. ಅವರಿಗೆ ಬೇರೆ ಕಡೆ ಇನ್ನೊಂದು ಮುಹೂರ್ತವಿತ್ತು. "ಮಂತ್ರ ಮತ್ತ ಹೇಳೂದಿಲ್ಲ. ಬರೇ ಬಟ್ಟಿ ಬೇಕಾದ್ರ ಹಿಡೀರಿ" ಎಂದರು. ಯಜಮಾನತಿ "ಹಿಡೀರಿ, ಹಿಡೀರಿ" ಎಂದರು.

ಹಿಡಿದರು. ಮುಖ ನೋಡಿಯಾದ ಹುಡುಗ ಹುಡುಗಿಯ ನಡುವೆ ಮತ್ತೆ ಅಂತರಪಟ. ಅಕ್ಷತೆ ಖರ್ಚಾಗಿತ್ತು, ಗುಲಾಬಿ ಪಕಳೆ ಹಂಚಿದರು. "ತೀನ್, ದೋ, ಏಕ್" ಎಂದು ಕಂಪನಿಯ ಹುಡುಗಿಯೇ ಎಣಿಸಿದಳು, ಬಟ್ಟೆ ಬಿತ್ತು, ಇಬ್ಬರೂ ಹೊಸದಾಗಿ ನೋಡಿದವರಂತೆ ಬೆರಗಾದರು. ಬೀಗರ ಕಡೆಯ ಮುದುಕರೊಬ್ಬರು "ಭಲೇ! ಒಂದ ಖರ್ಚಿನಾಗ ಎರಡ ಲಗ್ನ!" ಎಂದರು. ಜನ ನಕ್ಕರು. ನಾನು ಮನಸ್ಸಿನಲ್ಲಿ ವಿಠ್ಠಲನ ಹೆಸರು ಹೇಳಿಕೊಂಡೆ, ಆ ಮಕ್ಕಳಿಗೆ ಏನೂ ದೋಷ ತಟ್ಟದಿರಲಿ ಎಂದು. ಅವರ ತಪ್ಪೇನು?

ಯಜಮಾನತಿ ಇವರ ಹತ್ತಿರ ಬಂದರು. ಪಕ್ಕದಲ್ಲೇ ಅವರ ನಾದಿನಿ ನಿಂತಿದ್ದರು.

"ಇಪ್ಪತ್ತು ವರ್ಷ ಇದನ್ನs ಮಾಡಿದವರು ನೀವು. ನೀವs ಅಡ್ಡ ಬಂದು ನಿಂತ್ರ ಹ್ಯಾಂಗ್ರೀ?"

"ತಪ್ಪಾತ್ರಿ ಅಕ್ಕಾರ" ಎಂದರು ಇವರು. ಮತ್ತೆ ಆ ಎಡಮೂಲೆಗೆ ಹೋಗಿ ನಿಂತರು. ಆಮೇಲೆ ಎರಡು ತಾಸು ಸಾಲುಸಾಲು ಜನ, "ಇತ್ತ ನೋಡ್ರಿ, ಸ್ವಲ್ಪ ನಗ್ರಿ" ಎಂದು ಹೇಳುವ ಇವರ ದನಿ ಕೇಳುತ್ತಲೇ ಇತ್ತು.

ಊಟ ನನಗೆ ಪಂಕ್ತಿಯಲ್ಲಿ. ಇವರಿಗೆ ಒಂದು ಕೂಪನ್, ಹಾಲಿನ ಹಿಂದೆ ಕೆಲಸದವರ ಕೌಂಟರ್. ಕೈತೊಳೆಯುವಲ್ಲಿ ನಾದಿನಿ ಸಿಕ್ಕರು. ನಾನು ಕೇಳಿರಲಿಲ್ಲ, ಅವರೇ ಹೇಳಿದರು: "ಮಾಘದಾಗಿಂದು ನಾವು ಹುಡುಗರ ಮ್ಯಾಲೇ ಬಿಟ್ಟೇವ್ರಿ ವೈನಿ. ಅವರ ಲಗ್ನ, ಅವರ ಪಸಂತಿ." ಮೆಲ್ಲಗೆ, ನನ್ನ ಕೈ ಹಿಡಿದು ಹೇಳಿದರು. ನಾಲ್ಕು ಜನರ ಮುಂದೆ ಹೇಳಲಿಲ್ಲವಲ್ಲ, ಅಷ್ಟು ಉಪಕಾರ.

ಹೊರಡುವಾಗ ಕಂಪನಿಯ ಹುಡುಗಿ ಅಂಗೈ ಚಾಚಿದಳು. "ಅಂಕಲ್, ಕಾರ್ಡ್." ಇವರು ಕ್ಯಾಮೆರಾದಿಂದ ಫೋಟೋ ತುಂಬಿದ ಕಾರ್ಡ್ ತೆಗೆದು ಕೊಟ್ಟರು. ಅವಳು ಅದನ್ನು ಸಣ್ಣ ಚೀಲಕ್ಕೆ ಹಾಕಿ ಜಿಪ್ ಎಳೆದಳು. ಆ ದಿನ ಇವರು ತೆಗೆದದ್ದರಲ್ಲಿ ಒಂದೂ ಇವರ ಬಳಿ ಉಳಿಯಲಿಲ್ಲ.

ಮಲಾಡಿನಿಂದ ಅಂಧೇರಿಗೆ ಲೋಕಲ್‌ನಲ್ಲಿ ಬಂದು ಮೆಟ್ರೋ ಹತ್ತಿದೆವು. ಇಬ್ಬರಿಗೂ ಕೂಡಲು ಜಾಗ ಸಿಕ್ಕಿತು. ಅದನ್ನೂ ಉಪಕಾರಗಳಲ್ಲಿ ಎಣಿಸಿಕೊಂಡೆ. ಇವರು ಕ್ಯಾಮೆರಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ನೀವು ತೆಗದದ್ದು ಛಲೋ ಬಂದಿತ್ತೇನ್ರಿ? ಮೊದಲನೇ ಸಲದ್ದು?"

"ಬಂದಿತ್ತು." ಚೀಲದ ಪಟ್ಟಿ ಸರಿಮಾಡಿಕೊಂಡು ಹೇಳಿದರು, "ಲಗ್ನದ ಹುಡುಗಿ ಕಣ್ಣು ಮುಚ್ಚಿದ್ಲು. ಕೈ ಜೋಡಿಸಿ ಏನೋ ಬೇಡ್ಕೋಳಿಕತ್ತಿದ್ಲು. ಬಟ್ಟಿ ಬಿದ್ದದ್ದs ಗೊತ್ತಿರಲಿಲ್ಲ ಅಕಿಗೆ."

"ಮತ್ತ? ಎಷ್ಟು ಚಂದ ಫೋಟೋ ಅದು!"

"ಕಣ್ಣು ಮುಚ್ಚಿದ ಫೋಟೋ ಯಾರ್ ಇಟ್ಕೋತಾರ? ಮೊದಲು ತೆಗೆದು ಹಾಕೂದs ಅದನ್ನ."

ದೇವರು ದೊಡ್ಡವನು ಎನ್ನಬಹುದಿತ್ತು. ದೊಡ್ಡವನೇ. ಆದರೆ ಆ ಹೊತ್ತಿಗೆ ಆ ಮಾತನ್ನು ಇವರ ಮುಂದೆ ಇಡುವುದು ಹಸಿದವನಿಗೆ ಕುಂಕುಮ ಕೊಟ್ಟ ಹಾಗಾಗುತ್ತಿತ್ತು. ಘಾಟ್ಕೋಪರ್ ಬರುವ ಮೊದಲು ಅವರೇ ಹೇಳಿದರು:

"ನಿಮ್ಮಣ್ಣಗ ಫೋನ್ ಹಚ್ಚು. ಬರ್ತೀನಿ ಅಂತ ಹೇಳು."

"ಮನಿಗೆ ಹೋಗಿ ಮಾತಾಡೂಣಂತ."

"ಮನಿಗೆ ಹೋದ್ರ ನನಗ ಹೇಳಲಿಕ್ಕಾಗೂದಿಲ್ಲ."

ಹಚ್ಚಿದೆ. ಅಣ್ಣ ಖುಷಿಪಟ್ಟ. ಸೋಮವಾರವೇ ಕಳಿಸು, ಒಂಬತ್ತೂವರೆಗೆ ಸರಿಯಾಗಿ, ಫೋರ್ಟಿನಲ್ಲಿ ಊಟ ದುಬಾರಿ, ಡಬ್ಬಿ ಕಟ್ಟಿಕೊಡು ಎಂದ. ಇವರಿಗೆ ಅದೆಲ್ಲ ಕೇಳಿಸಿತ್ತು. ಕಿಟಕಿಯ ಕಡೆ ನೋಡುತ್ತಿದ್ದರು.

ಮನೆಗೆ ಬಂದು ದೀಪ ಹಚ್ಚಿದೆ. ದಿನಾ ಸಂಜೆ ವಿಠ್ಠಲನ ಮುಂದೆ ಆ ದಿನದ ಸಣ್ಣ ಉಪಕಾರಗಳನ್ನು ಹೇಳುವುದು ನನ್ನ ರೂಢಿ. ಮೆಟ್ರೋದಲ್ಲಿ ಜಾಗ ಸಿಕ್ಕಿದ್ದು ಹೇಳಿದೆ. ನಾದಿನಿ ಮೆಲ್ಲಗೆ ಮಾತಾಡಿದ್ದು ಹೇಳಿದೆ. ತಿಂಗಳ ಸಂಬಳ ಬರುವುದನ್ನೂ ಹೇಳಬೇಕೆಂದುಕೊಂಡೆ, ಅದು ಉಪಕಾರವೇ ಹೌದು, ಚಾತುರ್ಮಾಸದಲ್ಲೂ ಬರುವ ಸಂಬಳ. ಬಾಯಿ ಬರಲಿಲ್ಲ. ಒಳಕೋಣೆಯಲ್ಲಿ ಇವರು ಬಟ್ಟೆ ಕೂಡ ಬದಲಿಸದೆ, ಲೈಟು ಹಾಕದೆ, ಗೋಡೆಯ ಕಡೆ ತಿರುಗಿ ಮಲಗಿದ್ದರು. ಚಹಾ ಕೇಳಿದೆ, ಬೇಡವೆಂದರು.

ಇಪ್ಪತ್ತೆರಡು ವರ್ಷದಲ್ಲಿ ಇವರಿಗೆ ನಾನು ಡಬ್ಬಿ ಕಟ್ಟಿದ್ದಿಲ್ಲ. ಕೆಲಸವಿದ್ದ ದಿನ ಲಗ್ನದ ಮನೆಯಲ್ಲಿ ಊಟ, ಇಲ್ಲದ ದಿನ ಮನೆಯಲ್ಲಿ. ಸೋಮವಾರದ ಪಲ್ಯಕ್ಕೆ ಮೊಳಕೆ ಬರಬೇಕಾದರೆ ಕಾಳು ಈಗಲೇ ನೆನೆಯಬೇಕು. ಅಡುಗೆಮನೆಗೆ ಹೋಗಿ ಮಡಕಿ ಕಾಳನ್ನು ತಾಟಿನಲ್ಲಿ ಹರವಿ, ಹರಳು ಆರಿಸಲು ಕೂತೆ.