ಆರ್ಗನ್ನಿನ ಪರಿಚಯದವರು

ಪಾಣೆಮಂಗಳೂರಿನಲ್ಲಿ ನಾನು ಕಲಿಸುತ್ತಿದ್ದ ಶಾಲೆಯ ಎದುರೇ, ಗಲ್ಫಿನಲ್ಲಿ ದುಡಿದು ಬಂದಿದ್ದ ಒಬ್ಬರ ವೆಲ್ಡಿಂಗ್ ಅಂಗಡಿ. ಕಿಡಿ ಹಾರಿಸುವ ಮೊದಲು ರಸ್ತೆಯಲ್ಲಿ ಹೋಗುವವರಿಗೆಲ್ಲ "ಆಚೆ ನೋಡಿ!" ಎಂದು ಕೂಗುವುದು ಅವರ ಅಭ್ಯಾಸ. ಗಂಟಲು ಎಷ್ಟೇ ಕೆಟ್ಟಿರಲಿ, ಆ ಕೂಗು ತಪ್ಪುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ, ಸಕ್ಕರೆ ಕಾಯಿಲೆಯಿಂದ ನನ್ನ ಕಣ್ಣಿನೊಳಗೆ ರಕ್ತನಾಳಗಳು ಸೋರತೊಡಗಿದವು. ಮಂಗಳೂರಿನ ಡಾಕ್ಟರು ಆರ್ಗನ್ ಲೇಸರಿನಿಂದ ಸುಡಬೇಕು ಎಂದರು. ಸುಡುವ ಮಾತಿಗೇ ಹೆದರಿ ನಾನು ಎರಡು ತಿಂಗಳು ಮುಂದೆ ಹಾಕಿದೆ. ಸುದ್ದಿ ಎದುರಿನ ಅಂಗಡಿಗೆ ಮುಟ್ಟಿತು.

"ಆರ್ಗನ್ನಾ? ನಾನು ದಮ್ಮಾಮಿನಲ್ಲಿ ಹತ್ತು ವರ್ಷ ವೆಲ್ಡಿಂಗ್ ಮಾಡುವಾಗ ಅದರ ಸಿಲಿಂಡರಿನ ಪಕ್ಕವೇ ಇದ್ದವ. ಪಾಪದ ಗ್ಯಾಸ್ ಮಾಷ್ಟ್ರೇ, ಯಾವುದರ ತಂಟೆಗೂ ಹೋಗುದಿಲ್ಲ. ಸೋರುವಲ್ಲಿ ಮುಚ್ಚುದು, ಅಷ್ಟೇ. ನಾಳೆ ಹೋಗುವ."

ಮರುದಿನ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಸ್ಸು ಹತ್ತಿದರು.

ನಾನು ಯಂತ್ರದ ಮುಂದೆ ಗದ್ದ ಊರಿ ಕುಳಿತೆ. "ನೇರ ನೋಡಿ" ಎಂದರು ಡಾಕ್ಟರು. ಗುರಿ ನೋಡುವ ಸಣ್ಣ ಬೆಳಕು ಹೊತ್ತಿದ್ದೇ ತಡ, ಬಾಗಿಲಲ್ಲಿ ನಿಂತಿದ್ದ ಅವರು ಕೂಗಿಬಿಟ್ಟರು: "ಆಚೆ ನೋಡಿ!" ವರ್ಷಗಟ್ಟಲೆ ಕೇಳಿ ರೂಢಿಯಾದ ನನ್ನ ಕಣ್ಣು ತಟ್ಟನೆ ಹೊರಳಿತು. ಪುಣ್ಯಕ್ಕೆ ಸುಡುವ ಕೆಲಸ ಇನ್ನೂ ಶುರುವಾಗಿರಲಿಲ್ಲ. ಡಾಕ್ಟರು ರೇಗಿದರು.

ಅವರು ನಾಚಿಕೊಂಡು ಒಳಗೆ ಬಂದರು. ಡಾಕ್ಟರನ್ನು ಕೇಳಿ, ಹಿಂದಿನಿಂದ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

"ಇದನ್ನು ನೋಡ್ಬಹುದು ಮಾಷ್ಟ್ರೇ. ನಾನಿದ್ದೇನೆ."

ಮುಗಿಯುವವರೆಗೆ ಆ ಕೈ ಒಮ್ಮೆಯೂ ಅಲುಗಲಿಲ್ಲ.

ಆ ಅಂಗಡಿ ಈಗಿಲ್ಲ, ಅವರೂ ಇಲ್ಲ. ಎಲ್ಲೇ ವೆಲ್ಡಿಂಗಿನ ಕಿಡಿ ಕಂಡರೂ ನಾನು ಇವತ್ತಿಗೂ ಆಚೆ ನೋಡುತ್ತೇನೆ. ಆಚೆ ಇರುವುದೆಲ್ಲ ಕಾಣುತ್ತದೆ.