ಗಿರಿಜಾ ಮಿಸ್ ಹೊಡೆದ ಅಕ್ಷರಗಳು ಎಲ್ಲಿ ಹೋದವು

"ಕಾದು ಕೂತವರಿಂದ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ..." ಹೀಗೇನೋ ಒಂದು ಸಾಲು. ಎಲ್ಲಿ ಓದಿದ್ದೋ, ಮುಂದೆ ಏನಿತ್ತೋ ನೆನಪಿಲ್ಲ. ನೆನಪಾದಾಗೆಲ್ಲ, ಇದು ನಿಜವಾ ಅಂತ ಅನುಮಾನ.

ಯಾಕಂದ್ರೆ, ಕಾದು ಕೂತೇ ಅಕ್ಷರ ಕಳೆದುಕೊಂಡ ಒಂದು ಬೋರ್ಡನ್ನು ನಾನು ನೋಡಿದ್ದೇನೆ.

ಎಂಬತ್ತರ ದಶಕದ ಕೊನೆ, ಜಯನಗರದ ನಮ್ಮ ಮನೆ. ನಾನಿನ್ನೂ ಮಿಡ್ಲ್ ಸ್ಕೂಲು. ಅಪ್ಪನ ತಂಗಿ ಸುಧಾ ಅತ್ತೆ ಎಂ.ಇ. ಓದುತ್ತಿದ್ದಳು. ಕಾಲೇಜಿನ ಲ್ಯಾಬಿಂದ ಒಂದು ಮೈಕ್ರೋಪ್ರೊಸೆಸರ್ ಬೋರ್ಡು, ಪುಟ್ಟ ಪ್ರಿಂಟರು, ಕೀಬೋರ್ಡು ತಂದು ನಮ್ಮ ಊಟದ ಮೇಜನ್ನು ಹಿಡಿದುಬಿಟ್ಟಿದ್ದಳು.

ದೂರದಲ್ಲಿ ಯಾರೋ ಟೈಪ್ ಮಾಡಿದ್ದು ತಂತಿಯಲ್ಲಿ ಒಂದೊಂದೇ ಅಕ್ಷರವಾಗಿ ಬಂದು ಇಲ್ಲಿ ಅಚ್ಚಾಗಬೇಕು. ಪ್ರಾಜೆಕ್ಟು ಅಷ್ಟೇ.

ದೂರ ಅಂತ ಸಿಕ್ಕಿದ್ದು ಪಕ್ಕದ ಮನೆ. ಬಟ್ಟೆ ಒಣಗಿಸುವ ಹಗ್ಗದ ಜೊತೆಗೇ ಕೇಬಲ್ ಕಟ್ಟಿ, ಕಾಂಪೌಂಡ್ ದಾಟಿಸಿ, ಕೀಬೋರ್ಡನ್ನು ಗಿರಿಜಾ ಮಿಸ್ ಮನೆಯಲ್ಲಿಟ್ಟೆವು.

ಮಿಸ್ ಬನಶಂಕರಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಲ್ಲಿ ಸ್ಪೀಡ್ ಕ್ಲಾಸ್ ತಗೊಳ್ಳೋರು. ಕೀಲಿ ನೋಡದೆ, ನಮ್ಮ ಜೊತೆ ಮಾತಾಡ್ತಾನೇ ಪುಟ ಮುಗಿಸೋರು.

ಅವರು ಹೊಡೆದ ಮೊದಲ ಪುಟ ನಮ್ಮ ಕಡೆ ಅಚ್ಚಾಯ್ತು. ನೋಡಿದರೆ ಎಷ್ಟೋ ಅಕ್ಷರಗಳೇ ಇಲ್ಲ.

ಅತ್ತೆ ತಾನೇ ಅಲ್ಲಿಗೆ ಹೋಗಿ, ಎರಡು ಬೆರಳಲ್ಲಿ ಹುಡುಕಿ ಹುಡುಕಿ ಅದೇ ಪುಟ ಹೊಡೆದಳು. ಒಂದಕ್ಷರವೂ ತಪ್ಪಿರಲಿಲ್ಲ.

"ಬೋರ್ಡು ಸರಿ ಇದೆ ಮಿಸ್. ನಿಮ್ಮ ಬೆರಳೇ ಅಲ್ಲಲ್ಲಿ ಸರಿಯಾಗಿ ಒತ್ತುತ್ತಿಲ್ವೇನೋ" ಅಂದುಬಿಟ್ಟಳು.

"ಅಮ್ಮಾ ತಾಯಿ, ನಿನ್ನ ಪರೀಕ್ಷೇಲಿ ನಾನು ಫೇಲಾ?" ಅಂತ ಮಿಸ್ ನಕ್ಕರು.

ಆಮೇಲೆ ಅಮ್ಮನ ಹತ್ತಿರ ಹೇಳಿಕೊಂಡದ್ದು ಬೇರೆ. ವಯಸ್ಸಾಯ್ತು, ಸ್ಪೀಡ್ ಕ್ಲಾಸನ್ನು ಹೊಸಬರಿಗೆ ಬಿಡಿ ಅಂತ ಇನ್‌ಸ್ಟಿಟ್ಯೂಟಿನ ಓನರ್ ಆಗಲೇ ಅಂದಿದ್ದರಂತೆ. "ಅವರು ಹೇಳಿದ್ದೇ ನಿಜ ಕಣ್ರೀ. ಸೋಮವಾರ ಹೋಗಿ ನಾನೇ ಬಿಟ್ಟುಕೊಟ್ಬಿಡ್ತೀನಿ."

ಆ ಸಂಜೆ ಮಿಸ್ ವರಾಂಡದಲ್ಲಿ ಕೂತು, ಸೀರೆಯ ಮೇಲೆ ಒಂದೊಂದೇ ಬೆರಳು ಒತ್ತಿ ನೋಡಿಕೊಳ್ತಾ ಇದ್ದರು...

ಅಮ್ಮನಿಂದ ವಿಷಯ ಕೇಳಿದ ಅತ್ತೆ, ಮಿಸ್ ಹೊಡೆದ ಪುಟ ತೆಗೆದು ಮತ್ತೆ ಹಿಡಿದು ಕೂತಳು. ಅಕ್ಷರ ಹೋಗಿದ್ದೆಲ್ಲ ಸಾಲಿನ ಶುರುವಿನಲ್ಲೇ. ಮಧ್ಯದಲ್ಲಿ ಒಂದೂ ಇಲ್ಲ.

"ಅಯ್ಯೋ ಅತ್ತಿಗೆ, ತಪ್ಪು ನನ್ನ ಬೋರ್ಡಿಂದು."

ಬಂದ ಅಕ್ಷರವನ್ನು, ಮುಂದಿನದು ಬರೋದರೊಳಗೆ ಪ್ರೊಸೆಸರ್ ಎತ್ತಿಕೊಳ್ಳಬೇಕು. ಒಂದು ಸಾಲು ಮುಗಿದಾಗ ಅದು ಪ್ರಿಂಟರಿನ ಕಡೆ ತಿರುಗಿ, ಆ ಸಾಲು ಅಚ್ಚಾಗುವವರೆಗೆ ಕಾದು ಕೂರುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಅಕ್ಷರಗಳು ಒಂದರ ಮೇಲೊಂದು ಬಂದು ಅಳಿಸಿ ಹೋಗುತ್ತಿದ್ದವು.

ಅತ್ತೆ ಸಾಲಿಗೊಮ್ಮೆ ನಿಂತು ಕೀಲಿ ಹುಡುಕುತ್ತಿದ್ದಳು. ಅವಳ ಅಕ್ಷರ ಉಳಿಯುತ್ತಿತ್ತು. ಮಿಸ್ ಎಲ್ಲೂ ನಿಲ್ಲುತ್ತಿರಲಿಲ್ಲ. ಚೆನ್ನಾಗಿ ಬರುವವರನ್ನೇ ಆ ಬೋರ್ಡು ಫೇಲ್ ಮಾಡಿತ್ತು.

ಮಾರನೇ ದಿನ ಅತ್ತೆ ಲ್ಯಾಬಿಂದ ಇನ್ನೊಂದು ಚಿಪ್ ತಂದಳು. ಡಿಎಂಎ ಅಂತ ಅದರ ಹೆಸರು.

ಅದೇನು ಮಾಡತ್ತೆ ಅಂತ ಅಜ್ಜಿ ಕೇಳಿದರು. "ಹಾಲಿನವನು ಬಂದಾಗೆಲ್ಲ ಅತ್ತಿಗೆ ಒಲೆ ಬಿಟ್ಟು ಓಡ್ತಾರಾ? ಗೇಟಿಗೆ ಚೀಲ ನೇತುಹಾಕಲ್ವಾ? ಹಂಗೆ" ಅಂದಳು ಅತ್ತೆ.

"ಚೀಲ ನೇತುಹಾಕೋಕೆ ಎಂ.ಇ. ಓದಬೇಕಿತ್ತೇನೇ?"

ಅಕ್ಷರ ಬಂದಂತೆಲ್ಲ ಆ ಚಿಪ್ಪೇ ಅದನ್ನು ನೇರವಾಗಿ ಮೆಮೊರಿಯ ಒಂದು ಚೀಲಕ್ಕೆ ಹಾಕುತ್ತೆ. ಚೀಲ ತುಂಬಿದಾಗ ಮಾತ್ರ ಪ್ರೊಸೆಸರನ್ನು ಕರೆಯುತ್ತೆ. ಪ್ರೊಸೆಸರ್ ಅದನ್ನು ಅಚ್ಚು ಹಾಕುವಾಗ ಹೊಸ ಅಕ್ಷರಗಳು ಇನ್ನೊಂದು ಚೀಲಕ್ಕೆ ಬೀಳುತ್ತವೆ.

ಭಾನುವಾರ. ತುಂಬಾ ಕೇಳಿಕೊಂಡ ಮೇಲೆ ಮಿಸ್ ಮತ್ತೆ ಕೀಬೋರ್ಡಿನ ಮುಂದೆ ಕೂತಿದ್ದಾರೆ. ಕಿಟಕಿಯಿಂದ ಕೀಲಿಗಳ ಸದ್ದು ಕೇಳ್ತಾ ಇದೆ. ಇಲ್ಲಿ ಸಾಲುಗಳು ಬರ್ತಾ ಇವೆ, ಶುರುವಿನಿಂದ, ಪೂರ್ತಿಯಾಗಿ...

ಆ ಕಡೆ ಸದ್ದು ನಿಂತಿತು. ಈ ಕಡೆ ಪ್ರಿಂಟರೂ ನಿಂತಿತು. ಪುಟದ ಕೊನೆಯ ಸಾಲು ಮಾತ್ರ ಬರಲೇ ಇಲ್ಲ.

ಅತ್ತೆ ಬೋರ್ಡಿನ ಮೇಲೆ ಬಗ್ಗಿದಳು. ಸ್ವಲ್ಪ ಹೊತ್ತಿಗೆ ಹಣೆ ಚಚ್ಚಿಕೊಂಡು ನಕ್ಕಳು. ಆ ಸಾಲು ಎಲ್ಲೂ ಹೋಗಿರಲಿಲ್ಲ, ಚೀಲದಲ್ಲೇ ಇತ್ತು. ಚೀಲ ತುಂಬಿರಲಿಲ್ಲ, ಹಾಗಾಗಿ ಪ್ರೊಸೆಸರನ್ನು ಯಾರೂ ಕರೆದಿರಲಿಲ್ಲ.

ತಂತಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ, ಚೀಲ ತುಂಬದಿದ್ದರೂ ಇದ್ದಷ್ಟನ್ನು ತಗೋ. ಇಷ್ಟನ್ನು ಪ್ರೋಗ್ರಾಮಿಗೆ ಸೇರಿಸಿ, ಅತ್ತೆ ಕಾಂಪೌಂಡಿನಿಂದ ಕೂಗಿದಳು. "ಮಿಸ್, ಇನ್ನೊಂದೇ ಒಂದು ಸಲ!"

"ಇನ್ನೊಂದೇ ಒಂದು ಸಲ ಎಷ್ಟು ಸಲ ಕಣೇ?"

ಈ ಸಲ ಕೊನೆಯ ಸಾಲೂ ಬಂತು. ಬಂದು ಅರೆಗಳಿಗೆಯಲ್ಲಿ ಮಿಸ್ಸೂ ಬಂದರು. ಒಳಗೆ ಬರಲಿಲ್ಲ, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

ಒಂದಕ್ಷರಾನೂ ಹೋಗಿಲ್ಲ, ತಪ್ಪು ನಂದೇ, ಕ್ಷಮಿಸಿ ಅಂತ ಅತ್ತೆ ಕಾಗದ ಚಾಚಿದಳು. ಮಿಸ್ ಕನ್ನಡಕ ತಂದಿರಲಿಲ್ಲ.

"ನಂಗೊತ್ತಿತ್ತು ಬಿಡು" ಅಂದರು. ಕಾಗದವನ್ನು ಅವಳ ಕಡೆಗೇ ತಳ್ಳಿ, "ಆದ್ರೂ ಪ್ರತಿ ಸಾಲಿನ ಮೊದಲನೇ ಪದ ಒಂದ್ಸಲ ಜೋರಾಗಿ ಓದಮ್ಮ. ನಾಳೆ ನಂಗೆ ಕ್ಲಾಸಿದೆ."