ಫ್ಯಾನು ಬಿಚ್ಚಿದ ಕೊಕ್ಕೆ

ಓಶ್ರಾ ಬೆನ್‌ಹಮೂ ಬರೆದ ಪದ್ಯಗಳನ್ನು ತೆಲ್ ಅವೀವ್‌ನ ಕಾಲೇಜು ಹುಡುಗಿಯರು ಬಾಯಿಪಾಠ ಹೇಳುತ್ತಾರೆ. ಹುಟ್ಟೂರು ಓಫಾಕಿಮ್‌ನಲ್ಲಿ ಮಾತ್ರ ಅವಳು ಇವತ್ತಿಗೂ ಫ್ರೇಹಾಳ ಮಗಳು, ಗಂಡನ ಜೊತೆ ಬಾಳದೆ ಬಂದವಳು, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ಆ ಮರಳುಗಾಡಿನ ಅಂಚಿನ ಊರಿಗೂ ಸಲ್ಲುತ್ತದೆ.

ಫ್ರೇಹಾ ಎಂದರೆ ಮೊರಾಕ್ಕೊದಿಂದ ಬಂದವರ ಮಾತಿನಲ್ಲಿ ಹರ್ಷ. ಈ ದೇಶದಲ್ಲಿ ಆ ಹೆಸರನ್ನೇ ಬೈಗುಳ ಮಾಡಿಕೊಂಡರು. ತುಟಿಗೆ ಗಾಢ ಬಣ್ಣ ಬಳಿದ ಬಡ ಹುಡುಗಿ ಕಂಡರೆ ಸಾಕು, ‘ಫ್ರೇಹಾ’ ಎಂದು ನಗುವುದು. ಆ ಹರ್ಷ ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿಪೆಟ್ಟಿಗೆಯ ಹಬೆಗೆ ಮುಖವೊಡ್ಡಿ ಬೆಂದು ಹೋದಳು. ಗಂಡ ಮಖ್ಲೂಫ್ ಅಶ್ದೋದ್‌ನ ಇನ್ನೊಬ್ಬಳ ಮನೆ ಸೇರಲು ಹೊರಟಾಗ ಓಶ್ರಾ ಒಂಬತ್ತರ ಹುಡುಗಿ. ಹೋಗುವವನು ಸುಮ್ಮನೆ ಹೋದನೇ? ನಡುಬೇಸಿಗೆಯಲ್ಲಿ ಕುರ್ಚಿ ಹತ್ತಿ ಸೂರಿನ ಫ್ಯಾನು ಬಿಚ್ಚಿದ. ಕುರ್ಚಿ ಅಲುಗಾಡದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ನಿಂತವಳು ಫ್ರೇಹಾಳೇ! ಬಿಡುಗಡೆ ಪತ್ರವನ್ನೂ ಅವನು ಕೊಡಲಿಲ್ಲ. ಯೆಹೂದಿಗಳಾದ ನಮ್ಮಲ್ಲಿ ಗಂಡ ಕೊಟ್ಟರೆ ಬಿಡುಗಡೆ, ಕೊಡದಿದ್ದರೆ ಸಾಯುವ ತನಕ ಅವನ ಹೆಂಡತಿ. ಫ್ರೇಹಾ ಹಾಗೇ ಸತ್ತಳು.

ಮಗಳು ಓದಿ ಬೇರ್‌ಶೆವಾದಲ್ಲಿ ಪ್ರೌಢಶಾಲೆಯ ಟೀಚರ್ ಆದಳು, ಮದುವೆಯಾದಳು, ಅಡುಗೆಮನೆಯಲ್ಲಿ ಕೂತು ಹೀಬ್ರೂವಿನಲ್ಲಿ ಪದ್ಯ ಬರೆದಳು. “ಮನೆ ಮಾತು ಬೀದಿಗೆ ಹಾಕ್ತೀಯಾ?” ಎಂದು ಗಂಡ ಕೈಯೆತ್ತಿದ ದಿನವೇ ಚೀಲ ತೆಗೆದುಕೊಂಡು ಹೊರಟಳು. ಮೊದಲ ಸಂಕಲನಕ್ಕೆ ಬಹುಮಾನ ಬಂತು. ಇವಳ ಸಾಲುಗಳಲ್ಲಿ ಮಸಾಲೆಯ ಘಮವಿದೆ ಎಂದು ವೇದಿಕೆಯ ಮೇಲಿದ್ದ ದೊಡ್ಡ ಮನುಷ್ಯ ಹೊಗಳಿದ.

“ಸ್ವಾಮಿ, ನನ್ನ ಪುಸ್ತಕದಲ್ಲಿ ಒಂದು ಜೀರಿಗೆ ಕಾಳೂ ಇಲ್ಲ,” ಎಂದಳು ಓಶ್ರಾ. ಆಮೇಲೆ ಯಾರೂ ಅವಳಿಗೆ ಬಹುಮಾನ ಕೊಡಲಿಲ್ಲ.

ಅವಳ ಹೆಸರಾದ ಪದ್ಯ ಸೂರಿನಲ್ಲಿ ಉಳಿದ ಆ ಖಾಲಿ ಕೊಕ್ಕೆಯನ್ನು ಕುರಿತದ್ದು. ಅಮ್ಮಾ, ಕುರ್ಚಿ ಯಾಕೆ ಹಿಡಿದೆ ಎಂದು ಅದು ಮತ್ತೆ ಮತ್ತೆ ಕೇಳುತ್ತದೆ. ಓದಲು ಬಾರದ ತಾಯಿಗೆ ಒಮ್ಮೆ ಓದಿ ಹೇಳಿದಳು.

“ಅಯ್ಯೋ ಪೆದ್ದಿ,” ಎಂದಳು ಫ್ರೇಹಾ. “ಬಿದ್ದು ಕಾಲು ಮುರ್ಕೊಂಡಿದ್ರೆ ಇಲ್ಲೇ ಬಿದ್ದಿರ್ತಿದ್ದ. ಹೋಗ್ಲಿ ಅಂತ್ಲೇ ಹಿಡ್ಕೊಂಡೆ.”

ಮಗಳು ನಗಲಿಲ್ಲ. ತಾಯಿಯ ಆ ಎರಡು ಕೈಗಳನ್ನು ಅವಳು ಯಾವತ್ತೂ ಕ್ಷಮಿಸಲಿಲ್ಲ.

ಆಸ್ಪತ್ರೆಯಲ್ಲಿ ಫ್ರೇಹಾ ಕೇಳಿದ್ದು ಒಂದೇ. “ನಂಗೆ ಗಂಡುಮಕ್ಕಳಿಲ್ಲ. ಕದ್ದಿಶ್ ನೀನೇ ಹೇಳ್ಬೇಕು ಕಣೇ. ಪದ್ಯ ಓದಿದ ಹಾಗೆ ರಾಗ ಎಳೀಬೇಡ, ನೆಟ್ಟಗೆ ಹೇಳು.” ಕದ್ದಿಶ್ ಸತ್ತವರಿಗಾಗಿ ಮಗ ಹೇಳುವ ಪ್ರಾರ್ಥನೆ. ಹತ್ತು ಜನ ಗಂಡಸರು ಸೇರಬೇಕು, ಆಮೇನ್ ಅನ್ನಬೇಕು. ಓಶ್ರಾ ಮಾತು ಕೊಟ್ಟಳು.

ಹೂಳುವಾಗ ಸ್ಮಶಾನದವನು ತಾನೇ ಗಡಬಡಿಸಿ ಹೇಳಿ ಮುಗಿಸಿದ. ಸೂತಕದ ಏಳು ದಿನ ತಾಯಿಯ ಮನೆಯಲ್ಲಿ ಕೂತಾಗ ಊರಿನ ಧರ್ಮಗುರು ರಬ್ಬಿ ನಿಸ್ಸಿಮ್ ದಿನಾ ಸಂಜೆ “ನಾಳೆ ನೋಡೋಣಮ್ಮ” ಎಂದು ಸಾಗಹಾಕಿದರು. ಈಗ ಕೊನೆಯ ಸಂಜೆ. ಊರಿನ ಯಾವನೋ ಪುಢಾರಿ ಸತ್ತು ಗಂಡಸರೆಲ್ಲ ಅತ್ತ ಹೋಗಿದ್ದರು. ಇಲ್ಲಿ ಸೇರಿದ್ದು ಒಂಬತ್ತು ಜನ. ಪಕ್ಕದ ಮನೆಯ ಸೀಮಿ ತಟ್ಟೆಯಿಂದ ಖರ್ಜೂರ ತೆಗೆದು, ಸತ್ತವಳ ಹೆಸರಿನಲ್ಲಿ, ತಿನ್ನುವ ಮುಂಚೆ ಹೇಳುವ ದೇವರ ಸ್ತುತಿಯನ್ನು ಜೋರಾಗಿ ಹೇಳಿ ಬಾಯಿಗೆ ಹಾಕಿಕೊಂಡಳು. ಒಂಬತ್ತೂ ಗಂಡಸರು ಆಮೇನ್ ಅಂದರು.

“ಖರ್ಜೂರಕ್ಕೆ ಹೆಂಗಸು ಹೇಳಿದ್ರೆ ಆಮೇನ್ ಅಂತೀರಿ,” ಎಂದಳು ಓಶ್ರಾ. “ಹೆತ್ತ ತಾಯಿಗೆ ಹೇಳಿದ್ರೆ ನಾಲಿಗೆ ಬಿದ್ದುಹೋಗುತ್ತಾ? ನಾನೇ ಹತ್ತನೆಯವಳು. ಶುರು ಮಾಡಿ.”

“ನಿನ್ನ ಕಷ್ಟ ನನಗಿರಲಿ ಮಗಳೇ,” ಎಂದರು ರಬ್ಬಿ, “ಆದರೆ ಹತ್ತನೆಯವರಿಗೆ ಫೋನ್ ಮಾಡಿದ್ದೀನಿ. ದಾರೀಲಿದ್ದಾರೆ.”

ಬಂದವನು ಮಖ್ಲೂಫ್. ಬೆನ್ನು ಬಾಗಿತ್ತು, ಮೈಗೆ ಅತ್ತರಿನ ವಾಸನೆಯಿತ್ತು. ಓಶ್ರಾ ಅವನತ್ತ ಬೆರಳು ತೋರಿಸಿದಳು.

“ಇವನಾ? ಥೂ! ಇವನು ಲೆಕ್ಕಕ್ಕೆ, ನಾನು ಕಸಕ್ಕೆ?”

“ಗಂಡ ತಾನೇ,” ಎಂದರು ರಬ್ಬಿ. “ಗಂಡನೇ ಇರುವಾಗ ಮಗಳ್ಯಾಕೆ?”

ಮಖ್ಲೂಫ್ ಆ ಕೊಕ್ಕೆಯ ಕೆಳಗೆ ನಿಂತು ಶುರು ಮಾಡಿದ. ಕನ್ನಡಕ ತಂದಿರಲಿಲ್ಲ. ಮೂರನೆಯ ಪದಕ್ಕೇ ಮುಗ್ಗರಿಸಿದ. ಅಡುಗೆಮನೆಯ ಬಾಗಿಲಲ್ಲಿ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದ ಓಶ್ರಾಳ ಬಾಯಿಂದ ಮುಂದಿನ ಪದ ತಾನಾಗಿ ಹೊರಬಿತ್ತು. ಅವನು ಕಿವಿಯನ್ನು ಆ ಕಡೆ ತಿರುಗಿಸಿಕೊಂಡ. ಅವಳು ಹೇಳಿದಳು, ಅವನು ಹೇಳಿದ, ಗಂಡಸರು ಅವನಿಗೆ ಆಮೇನ್ ಅಂದರು. ಇನ್ನೊಂದು ಪದ, ಇನ್ನೊಂದು ಆಮೇನ್.

ನಡುವೆ ಅವಳು ಹಲ್ಲು ಕಚ್ಚಿ ಬಾಯಿ ಮುಚ್ಚಿದಳು. ಅವನೂ ನಿಂತ. ಬೀಳಲಿ ಮುದುಕ, ಇಷ್ಟು ಜನರ ಮುಂದೆ ಬೀಳಲಿ! ಆದರೆ ರಬ್ಬಿ ಆಗಲೇ ಎತ್ತಿಕೊಡಲು ಬಾಯಿ ತೆರೆಯುತ್ತಿದ್ದರು. ಆಮೇಲೆ ಅಮ್ಮನ ಪಾಲಿಗೆ ಮಗಳ ಒಂದು ಉಸಿರೂ ಉಳಿಯುವುದಿಲ್ಲ. ಓಶ್ರಾ ಬಾಗಿಲಿನ ಚೌಕಟ್ಟನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಮುಂದಿನ ಪದ ಹೇಳಿದಳು. ಕೊನೆಯವರೆಗೂ ಹೇಳಿಕೊಟ್ಟಳು.

“ಶಹಬ್ಬಾಸ್ ಮಖ್ಲೂಫ್,” ಎಂದು ಗಂಡಸರು ಅವನ ಭುಜ ತಟ್ಟಿದರು. “ಪಾಪ, ಎಷ್ಟು ಚೆನ್ನಾಗಿ ಹೇಳ್ದ ನಿಮ್ಮಪ್ಪ,” ಎಂದು ಸೀಮಿ ಕಣ್ಣೊರೆಸಿಕೊಂಡಳು.

ಮಖ್ಲೂಫ್ ಬೆವರು ಒರೆಸಿಕೊಳ್ಳುತ್ತಾ ಸೂರಿನ ಕಡೆ ನೋಡಿದ. “ಅಬ್ಬಬ್ಬಾ, ಏನು ಸೆಖೆ! ಇಷ್ಟು ವರ್ಷದಲ್ಲಿ ಒಂದು ಫ್ಯಾನ್ ಹಾಕಿಸ್ಕೊಳ್ಳೋಕೆ ಆಗ್ಲಿಲ್ವಾ ನಿಮ್ಮಮ್ಮನಿಗೆ?”

“ಇತ್ತು,” ಎಂದಳು ಓಶ್ರಾ. “ಯಾರೋ ಬಿಚ್ಕೊಂಡು ಹೋದ್ರು.”

“ಛೇ! ಎಂಥೆಂಥಾ ಜನ ಇರ್ತಾರಪ್ಪಾ,” ಎಂದ ಮಖ್ಲೂಫ್. ತಟ್ಟೆಯಿಂದ ಒಂದು ಖರ್ಜೂರ ಆರಿಸಿಕೊಂಡು ಜೋರಾಗಿ ಸ್ತುತಿ ಹೇಳಿದ. ಎಲ್ಲರೂ ಆಮೇನ್ ಅಂದರು.